ಪ್ರಾಣಿ ಚಿತ್ರದ ಪುಸ್ತಕ ಹಿಡಿದು ಬಣ್ಣ, ಆಕಾರ ಕಲಿಸುವುದು ಹೇಗೆ?

ಎರಡು-ಮೂರು ವರ್ಷದ ಮಗುವಿಗೆ ಬಣ್ಣ, ಆಕಾರ ಎರಡನ್ನೂ ಒಟ್ಟಿಗೆ ತುರುಕಬೇಡಿ. ಒಂದು ಸಲಕ್ಕೆ ಒಂದು ಸಾಕು. ಮೊದಲು ಪ್ರಾಣಿಯ ಹೆಸರು, ಅದರ ಕೂಗು, ಆಮೇಲೆ ಬಣ್ಣ. "ಹಸಿರು ಗಿಣಿ" ಅನ್ನುವುದಕ್ಕಿಂತ "ಗಿಣಿ ನೋಡು, ಹಸಿರು!" ಅಂದರೆ ವಾಸಿ, ಏಕೆಂದರೆ ಮಗುವಿನ ಕಣ್ಣು ಮೊದಲು ಗಿಣಿಯ ಮೇಲೆ ನಿಲ್ಲುತ್ತದೆ, ಬಣ್ಣದ ಮಾತು ಆಮೇಲೆ ಬಂದು ಅದಕ್ಕೇ ಅಂಟಿಕೊಳ್ಳುತ್ತದೆ. ಕೊಕ್ಕು ಕೆಂಪು ಅಂತ ಅದೇ ಪುಟದಲ್ಲಿ ತೋರಿಸಿ.

"ಇದೇನು ಬಣ್ಣ?" ಅಂತ ಸುಮ್ನೆ ಪರೀಕ್ಷೆ ಮಾಡಬೇಡಿ. "ಕೆಂಪು ಎಲ್ಲಿದೆ?" ಅಂತ ಕೇಳಿ. ಹೇಳುವುದಕ್ಕಿಂತ ತೋರಿಸುವುದು ಸುಲಭ ಅಲ್ವಾ?

ಆಕಾರಕ್ಕೆ ಬೆರಳು ಬೇಕು. ಗೂಬೆಯ ದುಂಡು ಕಣ್ಣಿನ ಸುತ್ತ ಮಗುವಿನ ಬೆರಳು ಹಿಡಿದು ಓಡಿಸಿ, ಬೆಕ್ಕಿನ ಕಿವಿಗೆ ಬಂದಾಗ ಮೂರೂ ಮೂಲೆಯಲ್ಲಿ ಒಂದು ಕ್ಷಣ ನಿಲ್ಲಿಸಿ. ತ್ರಿಕೋನ ಅನ್ನುವ ಹೆಸರಿಗೆ ಅವಸರವಿಲ್ಲ. ಪ್ರಾಣಿಗಳಲ್ಲಿ ಚೌಕ ಸಿಗುವುದು ಕಷ್ಟ, ಅದಕ್ಕೆ ಕೇರಂ ಬೋರ್ಡೇ ಸರಿ.

ನೀಲಿ ಆನೆ, ನೇರಳೆ ಹಸು ಇರುವ ಪುಸ್ತಕ ಆಮೇಲಿಗಿರಲಿ. ದುಡ್ಡು ಜಾಸ್ತಿ ಸುರಿಯಬೇಕಿಲ್ಲ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಅನ್ನುವ ವೆಬ್‌ಸೈಟ್‌ನಲ್ಲಿ ಕನ್ನಡದ ಚಿತ್ರಪುಸ್ತಕಗಳು ಉಚಿತವಾಗಿ ಸಿಗುತ್ತವೆ. ಪ್ರಿಂಟ್ ತೆಗೆಸುವುದಾದರೆ ಕಲರ್‌ನಲ್ಲೇ ತೆಗೆಸಿ, ಕಪ್ಪು-ಬಿಳುಪಿನಲ್ಲಿ ಜೀಬ್ರಾ, ಪಾಂಡಾ ಬಿಟ್ಟು ಉಳಿದದ್ದೆಲ್ಲ ದಂಡ.