ಅಮ್ಮನ ಇನ್ಸುಲಿನ್ ಮತ್ತು ನನ್ನ ಹೆಗಲಚೀಲ

ಅಮ್ಮನನ್ನು ಮೊದಲ ಸಲ ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ಕರೆದುಕೊಂಡು ಹೋದಾಗ ಮೂರು ತಿಂಗಳ ಇನ್ಸುಲಿನ್ ಪೂರ್ತಿ ದೊಡ್ಡ ಸೂಟ್‌ಕೇಸಿಗೆ ಹಾಕಿದ್ದೆ. ತಣ್ಣಗಿರಲಿ ಅಂತ ಫ್ರೀಜರಿನಿಂದ ಆಗಷ್ಟೇ ತೆಗೆದ ಐಸ್ ಪ್ಯಾಕುಗಳ ನಡುವೆ ಬಾಟಲಿಗಳನ್ನು ಒತ್ತಿಟ್ಟು, ಟವೆಲ್ ಸುತ್ತಿದ್ದೆ.

ಮರುದಿನ ಬೆಳಿಗ್ಗೆ ಅಮ್ಮ ಎಂದಿನಂತೆ ಬಾಟಲಿಯನ್ನು ಅಂಗೈಗಳ ನಡುವೆ ಉರುಳಿಸಿದರು. ಅವರದು 30/70 ಮಿಶ್ರಣ, ಅಂದರೆ ಬೇಗ ಕೆಲಸ ಮಾಡುವ ಇನ್ಸುಲಿನ್ 30 ಪಾಲು, ನಿಧಾನಕ್ಕೆ ಕೆಲಸ ಮಾಡುವುದು 70 ಪಾಲು. ಉರುಳಿಸಿದರೆ ಹಾಲಿನ ಹಾಗೆ ಒಂದೇ ಸಮ ಬೆಳ್ಳಗಾಗಬೇಕು. ಆಗಲಿಲ್ಲ. ಗಾಜಿನ ಒಳಮೈಗೆ ಬಿಳಿ ಕಣಗಳು ಅಂಟಿಕೊಂಡೇ ಇದ್ದವು, ಒಡೆದ ಹಾಲಿನಂತೆ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬರುವುದಿಲ್ಲ. ಲಗೇಜಿನ ಜಾಗದ ಚಳಿಗಿಂತ ನನ್ನ ಐಸ್ ಪ್ಯಾಕೇ ಅದನ್ನು ಕೆಡಿಸಿತು ಅಂತ ನನಗನ್ನಿಸುತ್ತದೆ. ಎಲ್ಲಾ ಎಸೆದೆವು.

ಬೇರೆ ಕೊಂಡರಾಯಿತು ಅಂದುಕೊಂಡಿದ್ದೆ. ಜರ್ಮನಿಯಲ್ಲಿ ಡಾಕ್ಟರ ಚೀಟಿ ಇಲ್ಲದೆ ಇನ್ಸುಲಿನ್ ಕೊಡುವುದಿಲ್ಲ. ಚೀಟಿ ಸಿಕ್ಕ ಮೇಲೆ ಕೈಗೆ ಬಂದದ್ದು ಒಂದು ಮಿ.ಲೀ.ಗೆ 100 ಯೂನಿಟ್‌ನದು. ಅಮ್ಮ ಊರಲ್ಲಿ ಬಳಸುವ ಬಾಟಲಿ 40 ಯೂನಿಟ್‌ನದು, ಸಿರಿಂಜೂ ಅದಕ್ಕೇ ಹೊಂದುವ ಕೆಂಪು ಮುಚ್ಚಳದ್ದು. ಆ ಸಿರಿಂಜಿನಲ್ಲಿ ಎಂದಿನ ಗೆರೆಯವರೆಗೇ ಎಳೆದಿದ್ದರೆ ಎರಡೂವರೆ ಪಟ್ಟು ಡೋಸ್ ಹೋಗುತ್ತಿತ್ತು. ಡಾಕ್ಟರು ಸಿರಿಂಜ್ ತೋರಿಸಿ ಅಂದದ್ದಕ್ಕೆ ಉಳಿದೆವು. ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆಮೇಲಿನ ಪ್ರಯಾಣಗಳಲ್ಲಿ ಒಂದು ಬಾಟಲಿಯನ್ನೂ ಸೂಟ್‌ಕೇಸಿಗೆ ಹಾಕಿಲ್ಲ. ಅರ್ಧ ಅಮ್ಮನ ಕೈಚೀಲದಲ್ಲಿ, ಅರ್ಧ ನನ್ನ ಹೆಗಲಚೀಲದಲ್ಲಿ. ಎರಡರಲ್ಲೂ ಸಿರಿಂಜ್, ಗ್ಲೂಕೋಮೀಟರ್ ಸ್ಟ್ರಿಪ್, ಔಷಧದ ಹೆಸರು ಮತ್ತು ಡೋಸ್ ಬರೆದ ಡಾಕ್ಟರ ಪತ್ರ. ಸೆಕ್ಯೂರಿಟಿಯಲ್ಲಿ ಅವರು ಕೇಳುವ ಮೊದಲೇ ಪೌಚ್ ಹೊರಗೆ ತೆಗೆದಿಡುತ್ತೇನೆ. ತಂಪಿಗೆ ಈಗ ಐಸ್ ಇಲ್ಲ, ನೀರಲ್ಲಿ ನೆನೆಸುವ ಪೌಚ್. ಮಣ್ಣಿನ ಮಡಕೆಯಂತೆ ನೀರು ಆರುತ್ತಾ ತಂಪಿಡುತ್ತದೆ, ಹೆಪ್ಪುಗಟ್ಟುವ ಭಯವಿಲ್ಲ. ಮನೆ ತಲುಪಿದ ಕೂಡಲೇ ಬಾಟಲಿಗಳು ಫ್ರಿಜ್ಜಿಗೆ, ಆದರೆ ಫ್ರೀಜರಿನ ಹತ್ತಿರದ ತಟ್ಟೆಗಲ್ಲ.

ಒಮ್ಮೆ ಗೇಟಿನಲ್ಲಿ ಜಾಗವಿಲ್ಲವೆಂದು ಕ್ಯಾಬಿನ್ ಬ್ಯಾಗನ್ನೇ ಕೆಳಗೆ ಹಾಕಿಸಿದರು. ಔಷಧ ಹೆಗಲಲ್ಲಿದ್ದದ್ದರಿಂದ ಬ್ಯಾಗನ್ನು ಮಾತಿಲ್ಲದೆ ಕೊಟ್ಟೆ.

ವಿಮಾನದಲ್ಲಿ ಊಟದ ಗಾಡಿ ನಮ್ಮ ಸಾಲಿಗೆ ಬರುವವರೆಗೂ ಅಮ್ಮ ಸೂಜಿ ಚುಚ್ಚಿಕೊಳ್ಳುವುದಿಲ್ಲ. ಊಟ ತಡವಾದರೆ ಸಕ್ಕರೆ ಇಳಿದೀತು. ಬಾಟಲಿಯನ್ನು ಮೆಲ್ಲಗೆ ಉರುಳಿಸಿ, ತಲೆ ಮೇಲಿನ ದೀಪಕ್ಕೆ ಹಿಡಿದು, "ಚೆನ್ನಾಗಿದೆ ನೋಡು" ಅಂತ ನನಗೂ ತೋರಿಸುತ್ತಾರೆ.