ಕೋರಲ್ ಸೊಸೈಟಿಯಲ್ಲಿ ಆಲ್ಟೊ ಹಾಡಲು ನಾನು ಸ್ವರ ಬರೆದುಕೊಂಡ ಬಗೆ

ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ ಒಂದು ಸಣ್ಣ ಊರು ನಮ್ಮದು. ಇಲ್ಲಿನ ಕೋರಲ್ ಸೊಸೈಟಿಯಲ್ಲಿ ನಾನು ಆಲ್ಟೊ, ಅಂದರೆ ಹೆಂಗಸರ ತಗ್ಗಿನ ದನಿಯ ಸಾಲು ಹಾಡುತ್ತೇನೆ. ಮೈಸೂರಿನಲ್ಲಿದ್ದಾಗ ಸೀನಿಯರ್ ಪರೀಕ್ಷೆವರೆಗೆ ಕರ್ನಾಟಕ ಸಂಗೀತ ಕಲಿತವಳು. ಐದು ಗೆರೆಗಳ ಮೇಲೆ ಸ್ವರ ಬರೆಯುವ ಇಲ್ಲಿನ ಸ್ಟಾಫ್ ನೊಟೇಶನ್ ಓದಲು ಬರುತ್ತಿರಲಿಲ್ಲ. ನಮ್ಮ ಕಡೆಯಿಂದ ಹೊಸದಾಗಿ ಬಂದವರು, "ನಮ್ಮಂಥವರೂ ಸೇರಬಹುದಾ?" ಅಂತ ಕೇಳುತ್ತಾರೆ. ಖಂಡಿತ ಸೇರಬಹುದು. ನಾವು ಚಿಕ್ಕಂದಿನಲ್ಲಿ ಕಲಿತ ಸರಳೆ, ಜಂಟಿವರಸೆ ಇಲ್ಲಿ ಎಷ್ಟು ಕೆಲಸಕ್ಕೆ ಬರುತ್ತವೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕೋರಲ್ ಸೊಸೈಟಿ ಅಂದರೆ ಊರಿನವರೇ ಸೇರಿ ಮಾಡಿಕೊಂಡ ದೊಡ್ಡ ಗಾಯನ ಸಂಘ. ಟೀಚರು, ನರ್ಸು, ರಿಟೈರಾದವರು, ಎಲ್ಲರೂ ಇರುತ್ತಾರೆ. ಹಾಡುವವರಿಗೆ ಸಂಬಳ ಇಲ್ಲ, ನಾವೇ ಚಂದಾ ಕಟ್ಟುತ್ತೇವೆ. ಕಂಡಕ್ಟರಿಗೆ, ಪಿಯಾನೊ ನುಡಿಸುವವರಿಗೆ ಸಂಭಾವನೆ ಉಂಟು. ವಾರಕ್ಕೊಂದು ಸಂಜೆ ರಿಹರ್ಸಲ್, ವರ್ಷಕ್ಕೆ ಎರಡು ಮೂರು ಕಾನ್ಸರ್ಟು. ಈ ಭಾಗದಲ್ಲಿ ಇದು ಹಳೆಯ ಸಂಪ್ರದಾಯ. ಹಡರ್ಸ್‌ಫೀಲ್ಡ್ ಕೋರಲ್ ಸೊಸೈಟಿ ಶುರುವಾಗಿದ್ದು 1836ರಲ್ಲಿ. ಕೆಲವು ಸೊಸೈಟಿಗಳು ಸೇರಿಸಿಕೊಳ್ಳುವ ಮೊದಲು ದನಿ ಪರೀಕ್ಷೆ ಮಾಡುತ್ತವೆ. ನಮ್ಮದರಲ್ಲಿ ಅದಿಲ್ಲ.

ಯಾವ ಗುಂಪಿನಲ್ಲಿ ಕೂರಬೇಕು ಅನ್ನುವುದು ಸುಲಭವಾಗಿ ತೀರ್ಮಾನವಾಯಿತು. ನನ್ನದು ಐದು ಮನೆ ಶ್ರುತಿ, ಅಂದರೆ ನನ್ನ ಷಡ್ಜ (ಸ) ಪಿಯಾನೊದ ಜಿ ಸ್ವರ. ಅಲ್ಲಿಂದ ತಾರಸ್ಥಾಯಿಯ ಪಂಚಮಕ್ಕೆ ಹೋದರೆ ಮೇಲಿನ ಡಿ. ಹೆಚ್ಚೂಕಡಿಮೆ ಇಷ್ಟೇ ಆಲ್ಟೊ ಹಾಡುವವರ ವ್ಯಾಪ್ತಿ. ನಮ್ಮಲ್ಲಿ ಕಲಿತ ಹೆಂಗಸರಲ್ಲಿ ಜಾಸ್ತಿ ಜನಕ್ಕೆ ಆಲ್ಟೊನೇ ಹೊಂದುತ್ತದೆ.

ನಿಜವಾದ ಕಷ್ಟ ಆಮೇಲೆ. ಡಿಸೆಂಬರ್ ಕಾನ್ಸರ್ಟಿಗೆ ಹ್ಯಾಂಡಲ್ ಸಂಯೋಜಿಸಿದ 'ಮೆಸೈಯಾ' ಅನ್ನುವ ದೊಡ್ಡ ಗಾಯನ ಕೃತಿ ಇತ್ತು. ಕಿವಿಯಲ್ಲಿ ನಿಲ್ಲುವ ರಾಗ ಬಹುಪಾಲು ಸೊಪ್ರಾನೊಗಳ (ಎತ್ತರದ ದನಿಯ ಹೆಂಗಸರ) ಪಾಲಿಗೆ ಹೋಗುತ್ತದೆ. ಆಲ್ಟೊ ಒಳಗಿನ ಸಾಲು. ಒಂದೇ ಸ್ವರದ ಮೇಲೆ ತುಂಬ ಹೊತ್ತು ನಿಂತು, ಇದ್ದಕ್ಕಿದ್ದಂತೆ ಅರ್ಧ ಸ್ವರ ಇಳಿಯುತ್ತದೆ. ಒಂಟಿಯಾಗಿ ಹಾಡಿಕೊಂಡರೆ ಅದಕ್ಕೆ ತಲೆಬುಡ ಕಾಣುವುದಿಲ್ಲ. ಪಕ್ಕದವರನ್ನು ಕೇಳಿಕೊಂಡು ಹಾಡಿದರೆ ಸಾಕು ಅಂತ ಹಲವರು ಹೇಳುತ್ತಾರೆ. ನನಗೆ ಅದು ಸಾಲಲಿಲ್ಲ. ಸ್ವರದ ಹೆಸರು ಗೊತ್ತಿಲ್ಲದೆ ಹಾಡಿದರೆ ಕಾಲ ಕೆಳಗೆ ನೆಲವೇ ಇಲ್ಲದ ಹಾಗಾಗುತ್ತದೆ.

ಹಾಗಾಗಿ ಸ್ಕೋರಿನಲ್ಲಿ, ಅಂದರೆ ಹಾಡಿನ ಸ್ವರಗಳನ್ನು ಅಚ್ಚು ಮಾಡಿದ ಪುಸ್ತಕದಲ್ಲಿ, ನನ್ನ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಕನ್ನಡದಲ್ಲೇ ಸ ರಿ ಗ ಮ ಬರೆಯತೊಡಗಿದೆ. ಅದಕ್ಕೆ ಮೊದಲು ಷಡ್ಜ ಎಲ್ಲಿದೆ ಅಂತ ಗೊತ್ತಾಗಬೇಕಲ್ಲ? ಸಾಲಿನ ಆರಂಭದಲ್ಲಿ ಶಾರ್ಪ್ (ಅರ್ಧ ಸ್ವರ ಏರಿಸುವ) ಗುರುತುಗಳಿದ್ದರೆ, ಕೊನೆಯ ಶಾರ್ಪ್ ಬಿದ್ದ ಜಾಗ ನಿ. ಅದರ ಮೇಲಿನದು ಸ. ಫ್ಲ್ಯಾಟ್ (ಅರ್ಧ ಸ್ವರ ಇಳಿಸುವ) ಗುರುತುಗಳಿದ್ದರೆ ಕೊನೆಯ ಫ್ಲ್ಯಾಟ್ ಇರುವುದು ಮ. ಅಲ್ಲಿಂದ ಕೆಳಗೆ ಎಣಿಸಿದರೆ ಸ ಸಿಗುತ್ತದೆ. ಇದು ಮೇಜರ್ ಕೀಗೆ, ಅಂದರೆ ನಮ್ಮ ಶಂಕರಾಭರಣಕ್ಕೆ. ಮೈನರ್ ಆದರೆ ಈ ಲೆಕ್ಕದಲ್ಲಿ ಬಂದ ದ ಅನ್ನೇ ಸ ಅಂತ ಇಟ್ಟುಕೊಳ್ಳಬೇಕು. ಆಗ ನಠಭೈರವಿ ಬರುತ್ತದೆ. ನಿಷಾದ ಏರಿದ್ದರೆ ಕೀರವಾಣಿ. ಇಷ್ಟು ಗೊತ್ತಾದರೆ ಡಿ ಮೇಜರ್‌ನ 'ಹಲ್ಲೆಲೂಯಾ' ಕೋರಸ್ಸಿನಲ್ಲಿ ಸೊಪ್ರಾನೊಗಳ ಮೊದಲ ಕೂಗು ಮೇಲ್ಷಡ್ಜದಿಂದ ಹೊರಟ "ಸಾ ಪ ದ ಪ" ಅಂತ ಕಣ್ಣಿಗೇ ಕಾಣುತ್ತದೆ.

ಇನ್ನೊಂದು ತೊಡಕು. ಷಡ್ಜ ಒಂದೇ ಕಡೆ ನಿಲ್ಲುವುದಿಲ್ಲ, ಹಾಡಿನ ನಡುವೆ ಜರುಗುತ್ತದೆ. ತಂಬೂರಿಗೆ ಒಗ್ಗಿದ ಕಿವಿಗೆ ಇದು ತುಂಬ ಕಷ್ಟ. ಆದರೆ ಷಡ್ಜವನ್ನು ಬೇರೆ ಸ್ವರಕ್ಕೆ ಸರಿಸಿ ಹಾಡುವ ಗ್ರಹಭೇದ ನಮಗೆ ಗೊತ್ತು, ಅಲ್ವಾ? ಶಂಕರಾಭರಣದ ಮಧ್ಯೆ ಪ್ರತಿಮಧ್ಯಮ (ಏರಿದ ಮ) ಪದೇ ಪದೇ ಕಾಣಿಸಿಕೊಂಡರೆ ಸಾಮಾನ್ಯವಾಗಿ ಷಡ್ಜ ಪಂಚಮಕ್ಕೆ ಹೋಗಿದೆ ಅಂತ ಅರ್ಥ. ಆ ಪ್ರತಿಮಧ್ಯಮ ಹೊಸ ಷಡ್ಜಕ್ಕೆ ನಿಷಾದ. ಕೈಶಿಕಿ ನಿಷಾದ (ಇಳಿದ ನಿ) ಬಂದರೆ ಷಡ್ಜ ಮಧ್ಯಮದ ಕಡೆ ವಾಲುತ್ತಿದೆ. ಅಂಥ ಕಡೆ ಒಂದು ಗೆರೆ ಎಳೆದು "ಇಲ್ಲಿಂದ ಪ ಅಂದರೆ ಸ" ಅಂತ ಬರೆದುಕೊಳ್ಳುತ್ತೇನೆ. ಇದು ಕೈಹಿಡಿದ ಮೇಲೆ ಒಳಗಿನ ಸಾಲಿಗೂ ಒಂದು ನಡೆ ಇದೆ ಅನ್ನುವುದು ಕೇಳಿಸತೊಡಗಿತು. ಆ ಸಂತೋಷ ಹೇಳತೀರದು.

ನನ್ನ ಸ್ಕೋರನ್ನು ನೋಡಿ ಪಕ್ಕದ ಆಲ್ಟೊ ಹಿರಿಯರೊಬ್ಬರು, "ನಮ್ಮ ಅಜ್ಜಿಯೂ ಹೀಗೇ ಹಾಡುತ್ತಿದ್ದರು" ಅಂದರು. ಅವರು ಹೇಳಿದ್ದು ಟಾನಿಕ್ ಸಾಲ್-ಫಾ ಬಗ್ಗೆ. ನಾರ್ವಿಚ್‌ನ ಸಾರಾ ಗ್ಲೋವರ್ ರೂಪಿಸಿದ ಪದ್ಧತಿಯನ್ನು ಬೆಳೆಸಿ, 19ನೇ ಶತಮಾನದಲ್ಲಿ ದೇಶದ ತುಂಬ ಹರಡಿದವರು ಜಾನ್ ಕರ್ವೆನ್ ಅನ್ನುವ ಪಾದ್ರಿ. ಡೋ ರೇ ಮಿ ಅಕ್ಷರಗಳಲ್ಲೇ ಸಂಗೀತ ಬರೆಯುವುದು. ಡೋ ಯಾವ ಮನೆಯಲ್ಲಿ ಬೇಕಾದರೂ ಇರಬಹುದು, ಥೇಟ್ ನಮ್ಮ ಷಡ್ಜ! ಕೊನೆಯ ಸ್ವರ 'ಸಿ' ಇದ್ದದ್ದನ್ನು 'ಟಿ' ಮಾಡಿದರು, ಯಾಕೆಂದರೆ 'ಸೋ' ಕೂಡ ಅದೇ ಅಕ್ಷರದಿಂದ ಶುರುವಾಗುತ್ತದೆ. ಪಿಯಾನೊ ಕೊಳ್ಳಲಾಗದ ಕೂಲಿಕಾರರು, ಗಿರಣಿಯ ಕೆಲಸಗಾರರು ಈ ಅಕ್ಷರಗಳನ್ನು ಹಿಡಿದೇ ಹ್ಯಾಂಡಲ್ ಹಾಡಿದರು. ಇಷ್ಟು ದೂರ ಬಂದು ಸರಿಗಮದ ನೆಂಟರನ್ನು ಕಂಡ ಹಾಗಾಯಿತು ನನಗೆ.

"ಇದನ್ನೆಲ್ಲ ಹಾಡಿದರೆ ಗಮಕ ಹಾಳಾಗುತ್ತೆ ಕಣೇ" ಅಂತ ಅಮ್ಮನಿಗೆ ಆತಂಕ. ಇಲ್ಲಿ ಗಮಕ, ಅಂದರೆ ಸ್ವರವನ್ನು ಅಲುಗಿಸಿ ಹಾಡುವುದನ್ನು, ಬಿಡಬೇಕು ಅನ್ನುವುದು ನಿಜ. ನಾನೊಬ್ಬಳು ಗಾಂಧಾರವನ್ನು ಸ್ವಲ್ಪ ಅಲುಗಿಸಿದರೂ ಇಡೀ ಸ್ವರಮೇಳ ಕಲಕುತ್ತದೆ. ರಿಹರ್ಸಲ್ಲಿಗೆ ಹೊರಡುವ ಮುನ್ನ ಒಂದೊಂದೇ ಸ್ವರವನ್ನು ನೇರವಾಗಿ, ಉದ್ದಕ್ಕೆ ಹಿಡಿದು ಅಭ್ಯಾಸ ಮಾಡುತ್ತೇನೆ. ಬೆಳಿಗ್ಗೆ ವರ್ಣ ಹಾಡುವಾಗ ಗಮಕ ತಾನಾಗಿ ಬರುತ್ತದೆ. ಅಮ್ಮನಿಗೆ ನಾನು ಕೊಡುವ ಉದಾಹರಣೆ ನಮ್ಮ ಜಯಚಾಮರಾಜ ಒಡೆಯರದು. ಅವರು ಪಿಯಾನೊ ಕಲಿತಿದ್ದರು, ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನೂ ರಚಿಸಿದರು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯ ಕಾನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರಾದರು. ಜರ್ಮನ್ ಸಂಯೋಜಕ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳನ್ನು 1950ರಲ್ಲಿ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಹಾಡಿದಾಗ ಅದಕ್ಕೆ ಹಣ ಒದಗಿಸಿದವರೂ ಅವರೇ. ಒಂದೇ ಮನಸ್ಸಿನಲ್ಲಿ ಎರಡೂ ಸಂಗೀತ ಇರಬಲ್ಲವು.

ತಾಳದ ವಿಷಯ. ನಮ್ಮಲ್ಲಿ ತಾಳ ನಮ್ಮ ಕೈಯಲ್ಲೇ ಇರುತ್ತದೆ. ಇಲ್ಲಿ ಅದು ಕಂಡಕ್ಟರ್ ಕೈಯಲ್ಲಿ. ಅವರು ಎಳೆದರೆ ಎಳೆಯಬೇಕು, ನಿಲ್ಲಿಸಿದರೆ ನಿಲ್ಲಿಸಬೇಕು. ಪದದ ಕೊನೆಯ "ಟ್", "ಸ್" ಎಲ್ಲರದೂ ಒಟ್ಟಿಗೆ ಬೀಳಬೇಕು. ಹಾಗಾಗಿ ಆಲ್ಟೊ ಸಾಲು ಅರ್ಧವಾದರೂ ಬಾಯಿಗೆ ಬಂದಿರಬೇಕು, ಆಗಲೇ ಕಣ್ಣು ಸ್ಕೋರಿನಿಂದ ಮೇಲೇಳುವುದು. ಹಾಡದೆ ಕಾಯುವ ಬಾರುಗಳನ್ನು, ಅಂದರೆ ತಾಳದ ಸುತ್ತುಗಳನ್ನು, ನಾನು ಈಗಲೂ ಬೆರಳಿನಲ್ಲೇ ಎಣಿಸುತ್ತೇನೆ, ಲಘು ಹಾಕಿದ ಹಾಗೆ. ಉಸಿರು ಮಾತ್ರ ಒಟ್ಟಿಗೆ ತೆಗೆದುಕೊಳ್ಳಬಾರದು. ಉದ್ದದ ಸ್ವರ ಇದ್ದಾಗ ಒಬ್ಬೊಬ್ಬರು ಒಂದೊಂದು ಕಡೆ ಮೆಲ್ಲಗೆ ಉಸಿರೆಳೆದುಕೊಂಡು ಮತ್ತೆ ಸೇರಿಕೊಳ್ಳುತ್ತೇವೆ. ಕೇಳುವವರಿಗೆ ದನಿ ಎಲ್ಲೂ ಕಡಿಯುವುದಿಲ್ಲ.

ಲ್ಯಾಟಿನ್ ಕೃತಿ ಬಂದರೆ ಹೆದರಬೇಡಿ. ಅದರ ಸ್ವರಾಕ್ಷರಗಳು ನಮ್ಮ ಅ, ಎ, ಇ, ಒ, ಉ ಇದ್ದ ಹಾಗೇ ನೇರ. "ಪೆಕ್ಕಾತಾ", "ತೊಲ್ಲಿಸ್" ಅಂಥ ಒತ್ತಕ್ಷರ ನಮ್ಮ ಬಾಯಿಗೆ ಸಲೀಸು. ಇಲ್ಲಿನವರಿಗೆ ಕಂಡಕ್ಟರ್ ಅದನ್ನೇ ಮತ್ತೆ ಮತ್ತೆ ತಿದ್ದಬೇಕಾಗುತ್ತದೆ.

ಕಾನ್ಸರ್ಟ್ ದಿನದ ಬಗ್ಗೆ ಎರಡು ಮಾತು. ಅಲ್ಲಿಯವರೆಗೆ ಪಿಯಾನೊ ಜೊತೆಗೇ ಹಾಡಿರುತ್ತೇವೆ. ಆರ್ಕೆಸ್ಟ್ರಾ, ನಾಲ್ವರು ಸೋಲೊ ಗಾಯಕರು ಬರುವುದು ಅದೇ ಮಧ್ಯಾಹ್ನ. ಸೊಸೈಟಿಯ ಖರ್ಚಿನಲ್ಲಿ ದೊಡ್ಡ ಪಾಲು ಅವರದೇ, ಒಂದು ದಿನ ಮೊದಲೇ ಕರೆಸಲು ಆಗುವುದಿಲ್ಲ. ಪಿಟೀಲು, ಟ್ರಂಪೆಟ್ ಸೇರಿದಾಗ ನಮಗೆ ಗುರುತಿದ್ದ ಪಿಯಾನೊದ ದನಿ ಮಾಯ. ಆಗ ಕಾಪಾಡುವುದು ಬರೆದುಕೊಂಡ ಸ್ವರಗಳೇ. ಕಾನ್ಸರ್ಟ್ ನಡೆಯುವ ಚರ್ಚು ಚಳಿ, ಹಾಗಾಗಿ ಕಪ್ಪು ಉಡುಪಿನ ಒಳಗೆ ಬೆಚ್ಚನೆಯದು ಹಾಕಿಕೊಳ್ಳಿ. ಕುರ್ಚಿ ಜೋಡಿಸುವುದು, ಟಿಕೆಟ್ ಮಾರುವುದು, ಚಹಾ ಮಾಡುವುದು ಎಲ್ಲ ನಾವೇ. ನಾನು ಇಲ್ಲಿ ಗೆಳೆತನ ಸಂಪಾದಿಸಿದ್ದು ಹೆಚ್ಚಾಗಿ ಕುರ್ಚಿ ಹೊರುವಾಗ.

ಈ ಸಲ ನಾವು ತೆಗೆದುಕೊಂಡಿರುವುದು ಮೊಜಾರ್ಟ್‌ನ 'ರಿಕ್ವಿಯಮ್', ಅಂದರೆ ತೀರಿಹೋದವರಿಗಾಗಿ ಹಾಡುವ ಪ್ರಾರ್ಥನೆ. 1791ರಲ್ಲಿ ಅವನು ಮುಗಿಸದೆ ಬಿಟ್ಟು ಹೋದ ಕೃತಿ. ಅದರ 'ಕೀರಿಯೆ' ಭಾಗಕ್ಕೆ ಸ್ವರ ಬರೆಯುತ್ತಿದ್ದೆ. ಬೇಸ್ ದನಿಗಳ (ಗಂಡಸರ ತಗ್ಗಿನ ದನಿಯ) ಮೊದಲ ಸಾಲು "ಪ ಗ ದ ನಿ" ಅಂತ ಬಂತು. ಸಾಧಾರಣ ಗಾಂಧಾರ, ಶುದ್ಧ ದೈವತ, ಅಲ್ಲಿಂದ ಮಂದ್ರದ ಕಾಕಲಿ ನಿಷಾದಕ್ಕೆ ಒಂದೇ ಜಿಗಿತ. ಅಪ್ಪಟ ಕೀರವಾಣಿ. ಇದನ್ನು ಮೊದಲೇ ಬರೆದಿದ್ದೇನಲ್ಲ ಅನ್ನಿಸಿ ಮೆಸೈಯಾ ಸ್ಕೋರ್ ತೆಗೆದು ನೋಡಿದೆ. 'ಆ್ಯಂಡ್ ವಿತ್ ಹಿಸ್ ಸ್ಟ್ರೈಪ್ಸ್' ಕೋರಸ್ ಶುರುವಾಗುವುದೂ ಪ ಗ ದ ನಿ! ಅದು ಎಫ್ ಮೈನರ್, ಇದು ಡಿ ಮೈನರ್. ಸ್ಟಾಫ್ ಗೆರೆಗಳ ಮೇಲೆ ಬೇರೆ ಬೇರೆ ಜಾಗ, ಸ್ವರದಲ್ಲಿ ಒಂದೇ. ಆ ಕಾಲದವರಿಗೆ ಇದು ಪರಿಚಿತ ಮಟ್ಟು. ಮೊಜಾರ್ಟ್‌ಗಂತೂ ಮೆಸೈಯಾ ಚೆನ್ನಾಗಿ ಗೊತ್ತಿತ್ತು. 1789ರಲ್ಲಿ ವಿಯೆನ್ನಾದಲ್ಲಿ ಅದಕ್ಕೆ ಊದುವ ವಾದ್ಯಗಳನ್ನು ಸೇರಿಸಿ ಮರುಜೋಡಣೆ ಮಾಡಿಕೊಟ್ಟವನೇ ಅವನು. ಮುಂದಿನ ರಿಹರ್ಸಲ್‌ನಲ್ಲಿ ಎರಡೂ ಸ್ಕೋರ್ ತೆರೆದು ಪಕ್ಕದವರಿಗೆ ತೋರಿಸಿದೆ. ಬೇಸ್ ಹಾಗೆ ಹೊರಟ ಬೆನ್ನಿಗೇ ಆಲ್ಟೊಗಳಾದ ನಾವು "ಕ್ರಿಸ್ತೆ ಎಲೇಇಸನ್" ಅಂತ ಓಡುವ ಸಾಲನ್ನು ಹಿಡಿಯಬೇಕು. ಅದನ್ನು ಸದ್ಯಕ್ಕೆ ದಿನವೂ ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಹಾಡಿಕೊಳ್ಳುತ್ತಿದ್ದೇನೆ. ಮೂರನೇ ಕಾಲ ಇನ್ನೂ ಹಿಡಿತಕ್ಕೆ ಬರಬೇಕು.