ಆದಿಕಾಂಡ 5 ಓದುವಾಗ ಪೆನ್ಸಿಲ್ ಹಿಡಿದುಕೊಳ್ಳಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು. ಹೊಸದಾಗಿ ಸತ್ಯವೇದ (ಬೈಬಲ್) ಓದಲು ಶುರು ಮಾಡಿದವರಿಗೆ ಒಂದು ಸಣ್ಣ ಸಲಹೆ. ಅದರ ಮೊದಲ ಪುಸ್ತಕ ಆದಿಕಾಂಡದಲ್ಲಿ ಸೃಷ್ಟಿ, ಏದೆನ್ ತೋಟ, ಕಾಯಿನ ಮತ್ತು ಹೇಬೆಲರ ಕಥೆ ಎಲ್ಲವನ್ನೂ ಆಸಕ್ತಿಯಿಂದ ಓದುತ್ತೇವೆ. ಆದಾಮನಿಂದ ನೋಹನವರೆಗಿನ ವಂಶಾವಳಿ ಇರುವ 5ನೇ ಅಧ್ಯಾಯ ಬಂದ ಕೂಡಲೇ ಸುಮ್ನೆ ಕಣ್ಣಾಡಿಸಿ ದಾಟಿಬಿಡುತ್ತೇವೆ, ಅಲ್ವಾ? ನಾನೂ ಎಷ್ಟೋ ವರ್ಷ ಹಾಗೇ ಮಾಡಿದೆ.

ಈ ಸಲ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿಯೊಬ್ಬನಿಗೂ ಮಗ ಹುಟ್ಟಿದಾಗ ಎಷ್ಟು ವಯಸ್ಸು, ಒಟ್ಟು ಎಷ್ಟು ವರ್ಷ ಬದುಕಿದ, ಇಷ್ಟನ್ನೇ ಬರೆದು ಕೂಡಿಸುತ್ತಾ ಹೋಗಿ. ನೋಹನ ಅಪ್ಪ ಲೆಮೆಕ ಹುಟ್ಟುವ ಹೊತ್ತಿಗೆ ಆದಾಮನಿಗೆ 874 ವರ್ಷ. ಆದಾಮ ಬದುಕಿದ್ದು 930. ಅಂದರೆ ಲೆಮೆಕ 56 ವರ್ಷ ಆದಾಮನ ಕಾಲದಲ್ಲೇ ಇದ್ದ! (4ನೇ ಅಧ್ಯಾಯದ ಲೆಮೆಕ ಬೇರೆ, ಗೊಂದಲ ಬೇಡ.) ಲೆಮೆಕನ ಅಪ್ಪ ಮೆತೂಷೆಲಹನ 969 ವರ್ಷ ಮುಗಿಯುವುದು ಸರಿಯಾಗಿ ಜಲಪ್ರಳಯದ ವರ್ಷದಲ್ಲಿ. ನಾನು ಮೂರು ಸಲ ಕೂಡಿಸಿ ನೋಡಿದೆ. ನಮ್ಮ ಸತ್ಯವೇದದಲ್ಲಿರುವ ಲೆಕ್ಕ ಇದು. ಹಳೆಯ ಗ್ರೀಕ್ ಅನುವಾದದಲ್ಲಿ ಅಂಕಿಗಳು ಬೇರೆ ಇವೆ.

ಇನ್ನೊಂದು ಕೆಲಸ. ‘ಸತ್ತನು’ ಅನ್ನುವ ಮಾತು ಬಂದಲ್ಲೆಲ್ಲ ಗೆರೆ ಎಳೆಯಿರಿ. ಒಬ್ಬೊಬ್ಬರದೂ ಹಾಗೇ ಮುಗಿಯುತ್ತದೆ. ಹನೋಕನ ಹತ್ತಿರ ಮಾತ್ರ ಪೆನ್ಸಿಲ್ ನಿಲ್ಲುತ್ತದೆ. ಅವನು ದೇವರೊಂದಿಗೆ ನಡೆದ, ದೇವರು ಅವನನ್ನು ಕರೆದುಕೊಂಡರು. ಎಲ್ಲರಿಗಿಂತ ಕಡಿಮೆ, ಬರೀ 365 ವರ್ಷ. ಆ ದಿನ ನಾನು ಮುಂದಕ್ಕೆ ಓದಲಿಲ್ಲ, ಅಲ್ಲೇ ಪ್ರಾರ್ಥನೆಗೆ ಕೂತೆ.

ಮಕ್ಕಳಿದ್ದರೆ ಕೂಡಿಸುವ ಕೆಲಸ ಅವರಿಗೆ ಕೊಡಿ. ನಮ್ಮನೆಯಲ್ಲಿ ನನಗಿಂತ ಬೇಗ ಮುಗಿಸುತ್ತಾರೆ.